ದೀಪ ಆರಿಸುವ ಆರ್ಡರು

ಸುಳ್ಳು ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿದ್ದ ಕಾಲ ಅದು. ಹೊಸಪೇಟೆಯ ಮುನ್ಸೀಫ್ ಕೋರ್ಟಿನಲ್ಲಿ ನಾನು ವಕೀಲಿ ಶುರು ಮಾಡಿ ಹೆಚ್ಚು ವರ್ಷವಾಗಿರಲಿಲ್ಲ. ಸಾಕ್ಷಿಕಟ್ಟೆ ಹತ್ತಿದವನು ಜವಾನ ಹೇಳಿಕೊಟ್ಟ ಪ್ರಮಾಣವನ್ನು ಗಿಳಿಪಾಠ ಒಪ್ಪಿಸುತ್ತಿದ್ದ. ಮರುಕ್ಷಣವೇ ತನ್ನ ಎಮ್ಮೆಯ ಬಣ್ಣ ಹೇಳಿದಷ್ಟು ಸಲೀಸಾಗಿ ಸುಳ್ಳು ಹೇಳುತ್ತಿದ್ದ. ಅದೇ ಮನುಷ್ಯ ಊರಿಗೆ ಹೋದರೆ ಗುಡಿಯ ಮುಂದೆ ವಿಭೂತಿ ಮುಟ್ಟಿ ಒಂದು ಮಾತು ಹೇಳೆಂದರೆ ಮೈಯೆಲ್ಲ ನಡುಗಿ ಹಿಂದೆ ಸರಿಯುವವನು. ಒಬ್ಬನನ್ನು ಹೊರಗೆ ಹುಣಸೆ ಮರದಡಿ ಹಿಡಿದು ಹೀಗೇಕೆಂದು ಕೇಳಿಯೂ ಬಿಟ್ಟಿದ್ದೆ. "ಕೋರ್ಟಿನ ಆಣಿ ಕೋರ್ಟಿಗಷ್ಟ ರೀ ವಕೀಲ್ರ. ಗುಡಿ ಆಣಿ ಅಂದ್ರ ಅದು ಬ್ಯಾರೆ" ಎಂದು ನನಗೇ ಪಾಠ ಹೇಳಿ ಹೋಗಿದ್ದ.

ಸರ್ಕಾರಕ್ಕೂ ಇದು ಗೊತ್ತಿತ್ತು. ಅದಕ್ಕೇ ಪ್ರಮಾಣದ ಕಾಯ್ದೆಯಲ್ಲಿ ಒಂದು ದಾರಿ ಇಟ್ಟಿದ್ದರು. ದಾವೆಯಲ್ಲಿ ಒಬ್ಬ ಪಕ್ಷಗಾರ ಎದುರಿನವನಿಗೆ, "ಇಂಥ ಗುಡಿಯಲ್ಲಿ, ಇಂಥ ರೀತಿಯಲ್ಲಿ ನೀನು ಪ್ರಮಾಣ ಮಾಡಿದರೆ ನಾನು ಒಪ್ಪುತ್ತೇನೆ" ಎನ್ನಬಹುದು. ಎದುರಿನವನು ಹೂಂ ಅಂದರೆ ಕೋರ್ಟು ಒಬ್ಬ ವಕೀಲನನ್ನು ಕಮಿಷನರ್ ಎಂದು ನೇಮಿಸಿ ಆ ಗುಡಿಗೆ ಕಳಿಸುತ್ತದೆ. ಪ್ರಮಾಣ ಆಯಿತೆಂದರೆ ಮುಗಿಯಿತು, ಆ ಮಾತೇ ಕೊನೆ. ನನಗಂತೂ ಇಂಥ ಕಮಿಷನ್ ಎಂದರೆ ಮೂಗಿನ ತುದಿಯಲ್ಲಿ ಸಿಟ್ಟು. ಮದ್ರಾಸಿಗೆ ಹೋಗಿ ಕಾನೂನು ಓದಿ ಬಂದದ್ದು ಪೂಜಾರಿಯ ಪಕ್ಕ ನಿಂತು ಗಂಟೆ ಬಾರಿಸುವುದಕ್ಕಲ್ಲ ಎಂದು ಗೊಣಗುತ್ತಿದ್ದೆ. ಗೊಣಗಿದರೆ ಕೇಳುವವರಾರು? ಹೊಸಬರ ಪಾಲಿಗೆ ಇಂಥವೇ ಬರುವುದು.

ಈ ಸಲದ ದಾವೆ ಕಂಪ್ಲಿಯದು. ವಾದಿ ಒಬ್ಬ ವಿಧವೆ, ಪ್ರತಿವಾದಿ ಆಕೆಯ ಮೈದುನ. ಕಾಲುವೆ ಕೆಳಗಿನ ಕಬ್ಬಿನ ಹೊಲ. ಆಗಿನ್ನೂ ವಿಧವೆಯರ ಆಸ್ತಿ ಹಕ್ಕಿನ ಕಾಯ್ದೆ ಬಂದಿರಲಿಲ್ಲ. ಅಣ್ಣತಮ್ಮಂದಿರು ಪಾಲಾಗದೆ ಒಟ್ಟಿಗಿದ್ದಾಗ ಅಣ್ಣ ತೀರಿಕೊಂಡರೆ ಆಸ್ತಿಯೆಲ್ಲ ತಮ್ಮನದು, ವಿಧವೆಗೆ ಅನ್ನ ಬಟ್ಟೆ ಮಾತ್ರ. ಪಾಲಾದ ಮೇಲೆ ತೀರಿಕೊಂಡಿದ್ದರೆ ಅಣ್ಣನ ಪಾಲು ಆಕೆ ಬದುಕಿರುವ ತನಕ ಆಕೆಯದು. ಹಾಗಾಗಿ ಇಡೀ ದಾವೆ ನಿಂತಿದ್ದುದು ಒಂದೇ ಪ್ರಶ್ನೆಯ ಮೇಲೆ: ಅಣ್ಣ ಬದುಕಿದ್ದಾಗಲೇ ಪಾಲಾಗಿತ್ತೋ ಇಲ್ಲವೋ? ಆಗಿತ್ತು ಎಂದು ಆಕೆ, ಇಲ್ಲ ಎಂದು ಅವನು. ಬರವಣಿಗೆ ಏನೂ ಇರಲಿಲ್ಲ. ಬದುವಿನಲ್ಲಿ ಕಲ್ಲು ನೆಟ್ಟು ಪಾಲು ಮಾಡಿಕೊಟ್ಟ ಹಿರಿಯರು ಸತ್ತಿದ್ದರು. ಒಲೆ ಬೇರೆಯಾಗಿದ್ದುದು ನಿಜ. ಆದರೆ ಹೆಂಗಸರ ಜಗಳಕ್ಕೆ ಒಲೆ ಬೇರೆಯಾದದ್ದು, ಆಸ್ತಿ ಬೇರೆಯಾಗಿಲ್ಲ ಎಂದು ಅವನ ವಾದ.

ಅರ್ಧ ವಿಚಾರಣೆಯಲ್ಲಿ ಮೈದುನನ ವಕೀಲರು ಎದ್ದು ನಿಂತು ಹೇಳಿದರು: ಹಂಪಿಯಲ್ಲಿ ಹೊಳೆ ದಂಡೆಗೆ ಇವರ ಮನೆದೇವರು ವೀರಭದ್ರನ ಗುಡಿಯಿದೆ, ಆಕೆ ಮಿಂದು ಒದ್ದೆ ಬಟ್ಟೆಯಲ್ಲಿ ನಿಂತು, ಪಾಲಾಗಿತ್ತು ಎಂದು ಹೇಳಿ, ಅಲ್ಲಿಯ ನಂದಾದೀಪವನ್ನು ತನ್ನ ಕೈಯಿಂದ ಆರಿಸಿದರೆ ನನ್ನ ಕಕ್ಷಿದಾರ ಹೊಲ ಬಿಟ್ಟುಕೊಡುತ್ತಾನೆ. ಆಕೆಯ ವಕೀಲರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಕೆ ನಿಜ ಹೇಳುವವಳೆಂದು ಅವರಿಗೆ ಗೊತ್ತಿತ್ತಲ್ಲ. ಹೊರಗೆ ಹೋಗಿ, "ದೀಪ ಆರಿಸಿ ನಿಜ ಹೇಳಬೇಕಂತಮ್ಮಾ, ಹೇಳ್ತೀಯೇನು?" ಎಂದು ಕೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ಯಾವ ದೀಪ ಎಂದು ಅವರು ಹೇಳಲಿಲ್ಲ, ಆಕೆ ಕೇಳಲಿಲ್ಲ. ಸಾಮಾನ್ಯವಾಗಿ ಇಂಥದ್ದಕ್ಕೆಲ್ಲ ಕರ್ಪೂರವೇ. ಆರ್ಡರಿನಲ್ಲಿ ನಂದಾದೀಪ ಎಂದಿದ್ದುದನ್ನು ಓದಿ ನನಗೂ ಒಂದು ಗಳಿಗೆ ಸೋಜಿಗವಾಯಿತು. ಆದರೆ ಕಮಿಷನರಿಗೆ ಸೋಜಿಗ ಪಡುವ ಅಧಿಕಾರವಿಲ್ಲ ಎಂದುಕೊಂಡು ಸುಮ್ಮನಾದೆ.

ಗೊತ್ತಾದ ದಿನ ಬೆಳಿಗ್ಗೆ ಜಟಕಾ ಹತ್ತಿ ಹಂಪಿಗೆ ಹೋದೆ. ಗುಡಿ ಸಣ್ಣದು. ಬಂಡೆಗಳ ನಡುವೆ ಎರಡು ಕಂಬದ ಮಂಟಪ, ಒಳಗೆ ಕತ್ತಲು, ಕತ್ತಲಲ್ಲಿ ಒಂದು ಹಿತ್ತಾಳೆಯ ತೂಗುದೀಪ. ಮೈದುನ ತನ್ನ ವಕೀಲರ ಗುಮಾಸ್ತನನ್ನು ಕರೆದುಕೊಂಡು ಆಗಲೇ ಬಂದಿದ್ದ. ಆಕೆ ಒಬ್ಬಳೇ ಬಂದಿದ್ದಳು. ನಲವತ್ತೈದು ದಾಟಿದ ವಯಸ್ಸು, ಹಣೆತುಂಬ ವಿಭೂತಿ, ಕಂಕುಳಲ್ಲಿ ಬಟ್ಟೆಚೀಲ. ನಾನು ನಿಯಮದ ಪ್ರಕಾರ ಜಾಗ, ಹೊತ್ತು, ಹಾಜರಿದ್ದವರು ಎಲ್ಲ ಬರೆದುಕೊಂಡೆ. ಇಂಗ್ಲಿಷಿನ ಆರ್ಡರನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ. "ದೀಪವನ್ನು ಆರಿಸಿ" ಎಂದಾಗ ಪೂಜಾರಿ ಹಲ್ಲು ಕಚ್ಚಿಕೊಂಡ.

"ಗುಡ್ಯಾಗ ಆ ಮಾತು ಆಡಬಾರದ್ರಿ ಸಾಹೇಬ್ರ. ಶಾಂತ ಮಾಡೋದು ಅನ್ರಿ."

"ಆರ್ಡರಿನ್ಯಾಗ ಶಾಂತ ಅಂತ ಇಲ್ಲಪ್ಪಾ" ಎಂದು ನಾನು ಸಿಡುಕಿದೆ.

ಆಕೆ ಹೊಳೆಗಿಳಿದು ಮಿಂದು, ಒದ್ದೆ ಸೀರೆಯಲ್ಲಿ ನೀರು ಸುರಿಸುತ್ತ ಮೆಟ್ಟಿಲು ಹತ್ತಿ ಬಂದಳು. ಹೇಳಬೇಕಾದ ಮಾತನ್ನು ನಾನು ಹೇಳಿಕೊಟ್ಟೆ: ನನ್ನ ಗಂಡ ಬದುಕಿದ್ದಾಗಲೇ ಪಾಲಾಗಿತ್ತು, ಇದು ಸುಳ್ಳಾದರೆ ಈ ದೀಪದಂತೆ ನಮ್ಮ ಮನೆತನ ಆರಿಹೋಗಲಿ. ಆಕೆ ತಲೆಯಾಡಿಸಿ ಒಳಗೆ ಬಂದಳು. ಕರ್ಪೂರದ ತಟ್ಟೆಗಾಗಿ ಸುತ್ತ ಕಣ್ಣಾಡಿಸಿದಳು. ಪೂಜಾರಿ ತಲೆ ಎತ್ತದೆ ತೂಗುದೀಪದ ಕಡೆ ಕೈ ಮಾಡಿದ.

"ಇದಾ? ಈ ದೀಪನಾ?" ಆಕೆಯ ಧ್ವನಿಯೇ ಬೇರೆಯಾಯಿತು.

"ಹೌದಮ್ಮಾ. ನಂದಾದೀಪ ಅಂತ ಐತಿ."

"ನಾ ಕರ್ಪೂರ ಅಂದ್ಕಂಡಿದ್ದೆ." ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಮೈದುನನ ಕಡೆ ತಿರುಗಿದಳು. "ಲೇ ತಮ್ಮಾ, ಇದು ಯಾರ ದೀಪಂತ ನಿನಗ ಗೊತ್ತಿಲ್ಲೇನೋ?"

ಅವನು ಕಂಬ ನೋಡುತ್ತ ನಿಂತ.

ಆಕೆ ಮಂಟಪದ ಕಟ್ಟೆಯ ಮೇಲೆ ಕೂತಳು. ನಾನು ಕೇಳಿದ್ದಕ್ಕೆ ನಿಧಾನವಾಗಿ ಹೇಳಿದಳು. ಆಕೆಗೆ ಮಕ್ಕಳಿಲ್ಲ. ಮೈದುನನಿಗೆ ಒಬ್ಬಳೇ ಮಗಳು. ಆ ಮಗು ಇನ್ನೂ ತೊದಲು ಮಾತಾಡುವಾಗ ಮೈತುಂಬ ಸಿಡುಬೆದ್ದು ಬದುಕುವ ಆಸೆಯೇ ಇರಲಿಲ್ಲ. ಹೆತ್ತ ತಾಯಿ ಹೆದರಿ ಮೂಲೆ ಹಿಡಿದಾಗ ಹತ್ತಿರ ಕೂತು ಬೇವಿನ ಸೊಪ್ಪು ಆಡಿಸಿದವಳು ಈಕೆ. ಮಗು ಉಳಿದರೆ ಅದರ ಹೆಸರಿನಲ್ಲಿ ಮನೆದೇವರಿಗೆ ನಂದಾದೀಪ ಹಚ್ಚುತ್ತೇನೆ, ನಾನಿರುವ ತನಕ ಆರಗೊಡುವುದಿಲ್ಲ ಎಂದು ಹರಕೆ ಹೊತ್ತಳು. ಮಗು ಉಳಿಯಿತು. ಅಂದಿನಿಂದ ಅಮಾವಾಸ್ಯೆಗೊಮ್ಮೆ ಕಂಪ್ಲಿಯಿಂದ ಎಣ್ಣೆ ಹೊತ್ತು ಬರುತ್ತಿದ್ದಳು. ಆ ಹುಡುಗಿಯನ್ನು ಸಂಡೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಈಗ ಚೊಚ್ಚಲ ಬಸುರಿ.

"ಆಕಿ ತುಂಬಿದ ಹೊಟ್ಟ್ಯಾಗ ಕುಂತಾಳ. ಆಕಿ ದೀಪ ನಾ ಆರಸಲೇನ್ರಿ?"

ನನಗೆ ಆಗ ಅರ್ಥವಾಯಿತು. ಆ ಮನುಷ್ಯ ಲೆಕ್ಕ ಹಾಕಿಯೇ ಈ ದೀಪವನ್ನು ಆಯ್ದುಕೊಂಡಿದ್ದ. ತನ್ನ ಮಗಳ ಮೇಲೆ ಅತ್ತಿಗೆಗಿರುವ ಪ್ರೀತಿಯನ್ನು ಅತ್ತಿಗೆಯ ಹೊಲಕ್ಕೇ ಬಲೆ ಮಾಡಿದ್ದ. ಆದರೆ ಕಾಯ್ದೆಯಲ್ಲಿ ಅವನು ಮಾಡಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ!

ನಾನು ಅವನನ್ನು ಪಕ್ಕಕ್ಕೆ ಕರೆದು, ಕರ್ಪೂರಕ್ಕೆ ಒಪ್ಪಿಕೋ ಎಂದೆ. ಅವನಿಗಿಂತ ಮೊದಲು ಗುಮಾಸ್ತ ಬಾಯಿ ಹಾಕಿದ. "ಆರ್ಡರ್ ಹೆಂಗೈತೋ ಹಂಗ ನಡೀಬೇಕ್ರಿ. ನಿಮಗ ಬದಲು ಮಾಡಾಕ ಅಧಿಕಾರಿಲ್ಲ." ಅವನು ಹೇಳಿದ್ದು ಸರಿಯೇ. ಸರಿಯಾದದ್ದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಆ ಸಿಟ್ಟನ್ನು ಆಕೆಯ ಮೇಲೆ ತೀರಿಸಿಕೊಂಡೆ. ಆರಿಸಿದ ದೀಪ ಮತ್ತೆ ಹಚ್ಚಿದರಾಯಿತು, ಎಣ್ಣೆ ಬತ್ತಿಗೆ ಯಾಕಿಷ್ಟು ಹಟ, ಹೊಲ ಹೋದರೆ ಉಣ್ಣುವುದೇನು ಎಂದೆಲ್ಲ ಕೂಗಾಡಿದೆ.

"ನಿಮ್ಮ ಮಗಳ ಹೆಸರಿನ್ಯಾಗ ಹಚ್ಚಿದ್ದಾದ್ರ ಆರಸ್ತಿದ್ರೇನ್ರಿ?" ಎಂದಳು. ನನಗೂ ಒಬ್ಬ ಮಗಳಿದ್ದಳು.

ಆಗ ಪೂಜಾರಿ ಒಂದು ಉಪಾಯ ತೆಗೆದ. ಈ ದೀಪದಿಂದ ಇನ್ನೊಂದು ಹಣತೆ ಹಚ್ಚಿ ಗರ್ಭಗುಡಿಯೊಳಗೆ ಇಡೋಣ. ಆಕೆ ಪ್ರಮಾಣ ಮಾಡಿ ಇದನ್ನು ಶಾಂತ ಮಾಡಲಿ. ಆಮೇಲೆ ಅದೇ ಹಣತೆಯಿಂದ ಇದನ್ನು ಹಚ್ಚಿದರೆ ಬೆಂಕಿ ಆರಿದ ಹಾಗೂ ಆಗಲಿಲ್ಲ, ಆರ್ಡರು ಮೀರಿದ ಹಾಗೂ ಆಗಲಿಲ್ಲ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಇಂಥ ಬುದ್ಧಿ ನಮ್ಮ ವಕೀಲರ ಬಾರಿನಲ್ಲಿ ಎಷ್ಟು ಜನಕ್ಕಿದೆ! ಆರ್ಡರನ್ನು ಮತ್ತೆ ಓದಿದೆ. ಎಲ್ಲೂ ಅಡ್ಡಿ ಕಾಣಲಿಲ್ಲ. ಗುಮಾಸ್ತನೂ ತಲೆ ಕೆರೆದುಕೊಂಡು, ಅದಕ್ಕೆ ತಕರಾರು ಮಾಡಲು ಬರುವುದಿಲ್ಲ ಎಂದು ಒಪ್ಪಿದ. ಮೈದುನನ ಮುಖ ಸಣ್ಣಗಾಯಿತು.

ನಾನು ಹುರುಪಿನಿಂದ ಆಕೆಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು ಕೈ ಮುಗಿದಳು.

"ದೇವರ ಮುಂದ ವಕೀಲಿಕಿ ಬ್ಯಾಡ್ರಿ ಯಪ್ಪಾ."

"ಅಲ್ಲಮ್ಮಾ, ಬೆಂಕಿ ಆರೂದಿಲ್ಲಲ್ಲ?"

"ಬೆಂಕಿ ಆರೂದಿಲ್ರಿ. ನನ್ನ ಕೈ ಆರಸಾಕ ಹೋಗಿರತೈತಲ್ಲ." ಒದ್ದೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಸುಳ್ಳು ಹೇಳಿದ್ರ ಪಾಪ ಬರತೈತಿ ಅಂತ ಹೆದರಸಾಕ ಕೋರ್ಟಿನಾರು ನನ್ನ ಇಲ್ಲಿಗೆ ಕಳಿಸ್ಯಾರ. ನಿಜ ಹೇಳಾಕೂ ಪಾಪ ಮಾಡಬೇಕು ಅಂದ್ರ ಅದ್ಯಾವ ನ್ಯಾಯರೀ? ಪಾಲಾಗಿದ್ದು ಖರೇನ ಐತಿ. ದೀಪ ಮಾತ್ರ ನಾ ಮುಟ್ಟೂದಿಲ್ಲ. ಹೊಲ ಹೋದ್ರ ಹೋಗ್ಲಿ."

ಅಲ್ಲಿಗೆ ಪ್ರಮಾಣದ ಕೆಲಸ ಮುಗಿಯಿತು. ಉಳಿದದ್ದು ನನ್ನ ವರದಿ. ಗುಮಾಸ್ತ ಟೋಪಿ ಸರಿಮಾಡಿಕೊಂಡು, "ವಾದಿ ಪ್ರಮಾಣ ಮಾಡಾಕ ಒಪ್ಪಲಿಲ್ಲ ಅಂತ ಒಂದು ಸಾಲು ಬರದು ಬಿಡ್ರಿ, ಬಿಸಲೇರೂದ್ರಾಗ ಹೊರಡೂಣು" ಎಂದ. ಬಹಳ ಕಮಿಷನರುಗಳು ಹಾಗೇ ಬರೆಯುತ್ತಿದ್ದರು. ಆ ಒಂದು ಸಾಲಿನ ಅರ್ಥ ಕೋರ್ಟಿನಲ್ಲಿ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು: ಸುಳ್ಳಿಗೆ ಹೆದರಿ ಹಿಂದೆ ಸರಿದಳು. ಕಾಯ್ದೆಯ ಪುಸ್ತಕ ಚೀಲದಲ್ಲೇ ಇತ್ತು. ತೆಗೆದು ನೋಡಿದೆ. ಒಪ್ಪದವರನ್ನು ಬಲವಂತ ಮಾಡಬಾರದು. ಒಪ್ಪಲಿಲ್ಲವೆಂಬುದನ್ನೂ, ಅದಕ್ಕೆ ಅವರು ಕಾರಣವೇನಾದರೂ ಹೇಳಿದರೆ ಅದನ್ನೂ ದಾಖಲು ಮಾಡಬೇಕು ಎಂದಿತ್ತು. ಆ ಕೊನೆಯ ಮಾತನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದರಿಂದ ಉಪಯೋಗವಿದೆಯೆಂದು ಅವತ್ತಿನವರೆಗೆ ಅನಿಸಿರಲಿಲ್ಲ.

ಬಂಡೆಯ ನೆರಳಿನಲ್ಲಿ ಕೂತು ಬರೆಯತೊಡಗಿದೆ. ಮೊದಲು ಇಂಗ್ಲಿಷಿನಲ್ಲಿ ಬರೆದೆ. 'ಧಾರ್ಮಿಕ ಭಾವನೆಯ ಕಾರಣದಿಂದ' ಎಂಬರ್ಥದ ಒಂದು ನುಣ್ಣನೆಯ ಮಾತು ಬಂತು. ಓದಿದರೆ ಅದರಲ್ಲಿ ಆಕೆಯೂ ಇಲ್ಲ, ಸಿಡುಬಿನ ಮಗುವೂ ಇಲ್ಲ, ಎಣ್ಣೆಯೂ ಇಲ್ಲ. ಹಾಳೆ ಹರಿದೆ. ಏನಾದರೂ ಆಗಲಿ ಎಂದು, ಆಕೆ ಆಡಿದ ಮಾತನ್ನು ಆಡಿದ ಹಾಗೆ ಕನ್ನಡದಲ್ಲೇ ಬರೆದೆ. ಕೂಡಿಸಲಿಲ್ಲ, ಬಿಡಲಿಲ್ಲ. ಪೂಜಾರಿಯ ಉಪಾಯವನ್ನೂ, ಆಕೆ ಅದನ್ನು ಬೇಡವೆಂದದ್ದನ್ನೂ ಬರೆದೆ. ಆಮೇಲೆ ಮೈದುನನನ್ನು ಕರೆದು ಒಂದೇ ಪ್ರಶ್ನೆ ಕೇಳಿದೆ.

"ಈ ದೀಪ ಯಾರ ಹೆಸರಿನ ಹರಕಿದು?"

"ನನಗೊತ್ತಿಲ್ರಿ" ಎಂದ. ದೇವರಿಗೆ ಬೆನ್ನು ಮಾಡಿ ನಿಂತಿದ್ದ.

ಇದು ನಿಮ್ಮ ಅಧಿಕಾರಕ್ಕೆ ಮೀರಿದ ಪ್ರಶ್ನೆ ಎಂದು ಗುಮಾಸ್ತ ಹಾರಾಡಿದ. ಅವನ ಆಕ್ಷೇಪಣೆಯನ್ನೂ ಬರೆದುಕೊಂಡೆ. ಎಲ್ಲರಿಗೂ ಓದಿ ಹೇಳಿ ಸಹಿ, ಹೆಬ್ಬೆಟ್ಟು ಹಾಕಿಸಿದೆ. ಆಕೆ ಹೆಬ್ಬೆಟ್ಟಿನ ಮಸಿಯನ್ನು ಕಲ್ಲಿಗೆ ಉಜ್ಜಿಕೊಂಡು, ಚೀಲದಿಂದ ಎಣ್ಣೆಯ ಗಿಂಡಿ ತೆಗೆದಳು. ಪ್ರಮಾಣಕ್ಕೆ ಬರುವಾಗಲೂ ಎಣ್ಣೆ ತರುವುದು ಮರೆತಿರಲಿಲ್ಲ. ದೀಪ ತುಂಬಿಸಿ ಬತ್ತಿ ಮುಂದಕ್ಕೆ ಮಾಡಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಜಟಕಾ ಹತ್ತಿ ಹೊಸಪೇಟೆಗೆ ಹೊರಟುಬಿಟ್ಟೆ.

ವಿಚಾರಣೆಯ ಮುಂದಿನ ವಾಯಿದೆಗೆ ಮೊದಲೇ ಒಂದು ಸುದ್ದಿ ಬಂತು. ಸಂಡೂರು ರಾಜರ ಸೀಮೆ. ನಮ್ಮ ಕೋರ್ಟಿನ ಒಂದು ಸಮನ್ಸು ಅಲ್ಲಿಗೆ ಮುಟ್ಟಬೇಕಾದರೆ ಹತ್ತು ಕಡೆ ಮೊಹರು ಬೀಳಬೇಕು. ಹಂಪಿಯ ಗುಡಿಯ ಮಾತಿಗೆ ಯಾವ ಮೊಹರೂ ಬೇಕಾಗಲಿಲ್ಲ. ಮೈದುನನ ಮಗಳ ಕಿವಿಗೆ ಅದು ಬಿದ್ದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ತಂದೆ ಬಂಡಿ ಕಟ್ಟಿ ಕಳಿಸಿದ್ದ. ಹುಡುಗಿ ಬಂಡಿ ಹತ್ತಿ ಕಂಪ್ಲಿಗೆ ಬಂದಳು. ತಂದೆಯ ಬಾಗಿಲಲ್ಲಿ ಬಂಡಿ ನಿಲ್ಲಿಸಗೊಡಲಿಲ್ಲ. ದೊಡ್ಡಮ್ಮನ ಬಾಗಿಲಲ್ಲಿ ಇಳಿದು ಒಳಗೆ ಹೋದಳು. ಆರತಿ ತಟ್ಟೆ ಹಿಡಿದು ಹೊರಗೆ ನಿಂತಿದ್ದ ಹೆತ್ತ ತಾಯಿ ಹಾಗೇ ನಿಂತಳಂತೆ. ಇದನ್ನು ನನಗೆ ಹೇಳಿದವರು ವಿಧವೆಯ ವಕೀಲರು. ಹೇಳುವಾಗ ಅವರಿಗೂ ನಗು ಬರಲಿಲ್ಲ.

ವಾಯಿದೆಯ ದಿನ ಮೈದುನನ ವಕೀಲರು ನಿರೀಕ್ಷಿಸಿದಂತೆಯೇ ವಾದಿಸಿದರು. ಪ್ರಮಾಣಕ್ಕೆ ಒಪ್ಪಿದವಳು ದೇವರ ಮುಂದೆ ಹಿಂಜರಿದಳು, ದಾವೆ ವಜಾ ಆಗಬೇಕು. ಮುನ್ಸೀಫರು ತೆಲುಗು ಸೀಮೆಯವರು. ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು, ಓದುವುದು ಸ್ವಲ್ಪ ಕಷ್ಟ. ನನ್ನನ್ನೇ ಕರೆದು ವರದಿ ಓದಿಸಿದರು. ಕನ್ನಡದಲ್ಲೇಕೆ ಬರೆದೆ ಎಂದು ಬೈಯುತ್ತಾರೆಂದುಕೊಂಡೇ ಓದತೊಡಗಿದೆ. ಆಕೆಯ ಮಾತು ಓದುವಾಗ ಪಂಖಾ ಎಳೆಯುವವನ ಹಗ್ಗ ನಿಂತಿತು. ಮುನ್ಸೀಫರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಾರಣ ದಾಖಲಾಗಿದೆ. ದೀಪ ಮುಟ್ಟಲಿಲ್ಲ ಎಂದು ದಾವೆ ವಜಾ ಮಾಡು ಅಂತ ಯಾವ ಕಾಯ್ದೆಯೂ ಹೇಳುವುದಿಲ್ಲ. ಸಾಕ್ಷಿ ನಡೆಯಲಿ. ಪ್ರತಿವಾದಿಯನ್ನು ಕರೆಯಿರಿ."

ಮೈದುನ ಕಟ್ಟೆ ಹತ್ತಿದ. ಸೊರಗಿದ್ದ. ಜವಾನ ಎಂದಿನಂತೆ ಮೂಗಿನಲ್ಲಿ ಪ್ರಮಾಣ ಹೇಳಿಕೊಟ್ಟ: ದೇವರ ಎದುರಿನಲ್ಲಿ ಸತ್ಯವನ್ನೇ ಹೇಳುತ್ತೇನೆ. ಅವನು ಹೇಳಲಿಲ್ಲ. ಜವಾನ ಮತ್ತೊಮ್ಮೆ ಹೇಳಿದ. ಅವನು ಮುನ್ಸೀಫರ ಕಡೆ ನೋಡಿ ಕೇಳಿದ:

"ಸ್ವಾಮಿ, ಇಲ್ಲಿ ಹೇಳಿದ್ದೂ ತಟ್ಟತೈತೇನ್ರಿ?"

ಕೋರ್ಟೆಲ್ಲ ಗೊಳ್ಳೆಂದು ನಕ್ಕಿತು. ಮುನ್ಸೀಫರು ನಗಲಿಲ್ಲ. "ಸುಳ್ಳು ಹೇಳಿದರೆ ಜೈಲಿಗೆ ಕಳಿಸುವುದು ನನ್ನ ಕೈಲಿದೆ. ಅದರಾಚೆಯದು ನನ್ನ ಕೈಲಿಲ್ಲ."

"ಜೈಲಿಂದು ಕೇಳಿಲ್ರಿ ನಾನು."

ನಗು ನಿಂತಿತು. ಅವನು ಕಟ್ಟೆಯ ಮರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಮಗಳು ಹೆರಿಗಿಗೆ ಬಂದಾಳ್ರಿ. ನನ್ನ ಮನಿಗೆ ಬರಲಿಲ್ಲ. ಮಾತಾಡಸಾಕ ಹೋದ್ರ, ನನ್ನ ದೀಪ ಆರಸು ಅಂದೀಯಂತಲ್ಲಪ್ಪಾ ಅಂದ್ಲು. ಅತ್ತಿಗಿ ಆರಸೂದಿಲ್ಲ ಅಂತ ಗೊತ್ತಿದ್ದಕ್ಕ ಹಂಗ ಅಂದೆ ಅಂತ ಹೇಳೂಣಂದ್ರ ಬಾಯಿ ಬರಲಿಲ್ರಿ. ಇವತ್ತೋ ನಾಳೆನೋ ಅನ್ನಂಗದಾಳ. ಇನ್ನ ನಾ ಎಲ್ಲಿ ನಿಂತು ಸುಳ್ಳು ಹೇಳಿದ್ರೂ..."

ಅವನ ವಕೀಲರು ಎದ್ದು ನಿಂತು ಏನೋ ಹೇಳಹೊರಟರು. ಮುನ್ಸೀಫರು ಕೈಯೆತ್ತಿ ಕೂರಿಸಿದರು.

"ಪಾಲಾಗಿತ್ರಿ. ಅಣ್ಣ ಬದುಕಿದ್ದಾಗನ ಆಗಿತ್ತು. ಕಲ್ಲು ನೆಡೂಮುಂದ ನಾನೂ ಕೈ ಹಚ್ಚೀನಿ."

ಡಿಕ್ರಿ ಬರೆಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾನು ಆ ದಾವೆಯಲ್ಲಿ ಯಾರ ವಕೀಲನೂ ಅಲ್ಲ. ಆದರೂ ಕಾಲು ನಿಲ್ಲಲಿಲ್ಲ. ಗೆದ್ದವನು ನಾನೇ ಎಂಬಂತೆ ಹೊರಗೆ ಓಡಿದೆ. ಆಕೆ ಹುಣಸೆ ಮರದ ಕೆಳಗೆ ಕೂತಿದ್ದಳು.

"ಗೆದ್ರಲ್ಲಮ್ಮಾ! ಹೊಲ ನಿಮ್ಮದಾತು!"

"ಭಾಳ ಛಲೋ ಆತ್ರಿ. ನೀವು ನನ್ನ ಮಾತು ಇದ್ದಂಗ ಬರದ್ರಿ, ನಿಮ್ಮ ಮಕ್ಕಳು ಮರಿ ತಂಪಾಗಿರ್ಲಿ" ಎಂದಳು. ನಾನು ಉಬ್ಬಿದೆ. ಆಕೆ ಎದ್ದು ಸೀರೆಯ ಧೂಳು ಕೊಡವಿಕೊಂಡಳು. "ಒಂದು ಮಾತು ಕೇಳ್ತೀನಿ, ಓದಿದಾರು ಹೇಳ್ರಿ. ಆ ದೀಪ ಆರಸು ಅಂತ ಅವ ಕೇಳಿದ. ಆಗಲಿ ಅಂತ ಕೋರ್ಟು ಹೂಂ ಅಂತು. ಗುಡ್ಯಾಗ ನಿಂತು ನೀವು ಓದಿದ್ರಿ. ನಾ ಮಿಂದು ಅದರ ಮುಂದ ಹೋಗಿ ನಿಂತಿದ್ದೆ. ಹೊಲದ ದಾವೆ ಕೋರ್ಟಿಗೆ ಹಾಕಿದೆ, ಮುಗೀತು. ಇದರ ದಾವೆ ಎಲ್ಲಿ ಹಾಕಲ್ರಿ?"

ಆಮೇಲೆ ಅಂಥ ಆರ್ಡರು ಬಂದಾಗಲೆಲ್ಲ, ಹೊರಡುವ ಮೊದಲು ಅದು ಯಾರ ದೀಪ ಎಂದು ಕೇಳುವುದನ್ನು ಮಾತ್ರ ಕಲಿತೆ.

ಅಷ್ಟರಲ್ಲಿ ಮೈದುನ ಬಂಡಿ ಹೊಡೆದುಕೊಂಡು ಬಂದು ಮರದ ಹತ್ತಿರ ನಿಲ್ಲಿಸಿದ. ಕಂಪ್ಲಿಗೆ ಹೋಗಲು ಬೇರೆ ಗಾಡಿ ಇರಲಿಲ್ಲ. ಮನೆಯಲ್ಲಿ ದಿನ ತುಂಬಿದ ಹುಡುಗಿ ಒಬ್ಬಳೇ ಇದ್ದಳು. ಅತ್ತಿಗೆ ಅವನ ಕಡೆ ನೋಡದೆ ಹಿಂದಿನಿಂದ ಹತ್ತಿ ಕೂತಳು. ಅವನು ಹಗ್ಗ ಹಿಡಿದುಕೊಂಡೇ ಇದ್ದ, ಎತ್ತು ಹೊಡೆಯಲಿಲ್ಲ. ಕೊನೆಗೆ ಮುಂದೆ ನೋಡುತ್ತಲೇ ಕೇಳಿದ.

"ಅತ್ತಿಗಿ, ಬರೂ ಅಮಾಸಿಗೆ ಎಣ್ಣಿ ನಾ ಒಯ್ಯಲೇನು?"

ಆಕೆ ಚೀಲದಿಂದ ಖಾಲಿ ಗಿಂಡಿ ತೆಗೆದು ಅವನ ಪಕ್ಕದಲ್ಲಿಟ್ಟಳು.